ಎದೆಯಲ್ಲಿ ಪೇಸ್‌ಮೇಕರ್, ಬೆನ್ನ ಮೇಲೆ ಬಿಎ ಸೆಟ್: ಅಗ್ನಿಶಾಮಕ ಕೆಲಸಕ್ಕೆ ಮರಳುವ ಮೊದಲು

ಪೇಸ್‌ಮೇಕರ್ ಹಾಕಿಸಿಕೊಂಡು ಆಸ್ಪತ್ರೆಯಿಂದ ಮನೆಗೆ ಹೊರಡುವವರ ಕೈಗೆ ಒಂದು ಸೂಚನಾ ಹಾಳೆ ಬರುತ್ತದೆ. ಎಡಗೈಯನ್ನು ಭುಜಕ್ಕಿಂತ ಮೇಲೆತ್ತಬೇಡಿ, ಭಾರ ಹೊರಬೇಡಿ, ಮೊಬೈಲನ್ನು ಎಡಜೇಬಿನಲ್ಲಿ ಇಟ್ಟುಕೊಳ್ಳಬೇಡಿ, ಇಂಥ ದಿನ ತಪಾಸಣೆಗೆ ಬನ್ನಿ. ನಿವೃತ್ತರಾಗಿ ಬೆಳಗ್ಗೆ ಪಾರ್ಕಿನಲ್ಲಿ ನಡೆದಾಡುವವರಿಗೆ ಇಷ್ಟು ಸಾಕು. ಉಡುಪು, ಬಿಎ ಸೆಟ್ (ಬೆನ್ನಿಗೆ ಕಟ್ಟುವ ಉಸಿರಾಟದ ಉಪಕರಣ) ಎಲ್ಲ ಸೇರಿ ಇಪ್ಪತ್ತು ಕಿಲೋ ದಾಟುವ ಭಾರ ಹೊತ್ತು, ಹೊಗೆ ತುಂಬಿದ ಮೆಟ್ಟಿಲನ್ನು ನೀರು ತುಂಬಿದ ಹೋಸ್ ಎಳೆದುಕೊಂಡು ಹತ್ತಬೇಕಾದವರಿಗೆ ಇದು ಏನೇನೂ ಸಾಲದು. ಅವರಿಗೆ ಬೇಕಾದ ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಪೇಸ್‌ಮೇಕರ್ ಇದೆ ಎಂಬ ಒಂದೇ ಕಾರಣಕ್ಕೆ ಬೆಂಕಿಯ ಮುಂದಿನ ಕೆಲಸ ಮುಗಿಯಿತು ಎಂದು ತೀರ್ಮಾನಿಸುವುದು ತಪ್ಪು. ಪೇಸ್‌ಮೇಕರ್ ಇದೆ, ಇನ್ನೇನೂ ಆಗುವುದಿಲ್ಲ ಎಂದು ಎರಡು ತಿಂಗಳಿಗೆ ಹಳೆಯ ಡ್ಯೂಟಿಗೆ ಇಳಿಯುವುದೂ ಅಷ್ಟೇ ತಪ್ಪು. ಅದನ್ನು ಯಾವ ಕಾಯಿಲೆಗೆ ಹಾಕಿದರು, ಅದು ನಿಂತರೆ ನಿಮ್ಮ ಹೃದಯ ತಾನಾಗಿ ಎಷ್ಟು ಬಡಿಯುತ್ತದೆ, ಅದರ ಸೆಟ್ಟಿಂಗ್ ನಿಮ್ಮ ಕೆಲಸಕ್ಕೆ ಹೊಂದುತ್ತದೆಯೇ ಎಂಬುದರ ಮೇಲೆ ಉತ್ತರ ನಿಂತಿದೆ. ಇವುಗಳಲ್ಲಿ ಕೊನೆಯದನ್ನು ಕೇಳುವವರು ಬಹಳ ಕಡಿಮೆ. ಸರಿಪಡಿಸಲು ಅತಿ ಸುಲಭವಾದದ್ದೂ ಅದೇ.

ಈ ಕೆಲಸದಲ್ಲಿ ಹೃದಯದ ವಿಷಯಕ್ಕೆ ಇಷ್ಟು ಕಟ್ಟುನಿಟ್ಟು ಏಕೆ ಎಂಬುದಕ್ಕೆ ಅಮೆರಿಕದ ಒಂದು ಅಧ್ಯಯನವನ್ನು ನೋಡಬೇಕು. 2007ರಲ್ಲಿ ಪ್ರಕಟವಾದ ಅದು 1994ರಿಂದ 2004ರವರೆಗಿನ ಕರ್ತವ್ಯದ ಮೇಲಿನ ಸಾವುಗಳನ್ನು ಪರಿಶೀಲಿಸಿತು. ಹೃದ್ರೋಗದ ಸಾವುಗಳಲ್ಲಿ ಸುಮಾರು 32 ಶೇಕಡಾ ಬೆಂಕಿ ನಂದಿಸುವಾಗಲೇ ಆಗಿದ್ದವು. ಸಿಬ್ಬಂದಿಯ ಒಟ್ಟು ಸಮಯದಲ್ಲಿ ಬೆಂಕಿ ನಂದಿಸುವ ಕೆಲಸದ ಪಾಲು ಮಾತ್ರ 1ರಿಂದ 5 ಶೇಕಡಾ. ನಿದ್ದೆಯಿಂದ ಎದ್ದು ಕೆಲವೇ ನಿಮಿಷಗಳಲ್ಲಿ ಹೃದಯ ತನ್ನ ಗರಿಷ್ಠ ವೇಗ ಮುಟ್ಟಬೇಕಾದ ಉದ್ಯೋಗಗಳು ಹೆಚ್ಚಿಲ್ಲ.

ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆ ಎನ್‌ಎಫ್‌ಪಿಎಯ 1582 ಮಾನದಂಡ, ಈಗ 1580ರಲ್ಲಿ ಸೇರಿಕೊಂಡಿರುವುದು, ಹೊಸದಾಗಿ ಸೇರಲು ಬರುವವರನ್ನೂ ಈಗಾಗಲೇ ಸೇವೆಯಲ್ಲಿರುವವರನ್ನೂ ಬೇರೆ ಬೇರೆಯಾಗಿ ನೋಡುತ್ತದೆ. ಹೊಸಬರಿಗೆ ಬಾಗಿಲು ಕಿರಿದು. ಸೇವೆಯಲ್ಲಿರುವವರ ವಿಷಯದಲ್ಲಿ ಕೆಲಸದ ಒಂದೊಂದು ಅಗತ್ಯ ಕ್ರಿಯೆಯನ್ನೂ ಎದುರಿಗಿಟ್ಟುಕೊಂಡು ವೈದ್ಯರು ಆ ಒಬ್ಬ ವ್ಯಕ್ತಿಯನ್ನು ಅಳೆಯಬೇಕು. ನಿಮ್ಮ ಹೃದ್ರೋಗ ತಜ್ಞರಿಗೆ ಈ ಕ್ರಿಯೆಗಳು ಗೊತ್ತಿರುತ್ತವೆ ಎಂದುಕೊಳ್ಳಬೇಡಿ. ಎಷ್ಟು ಕಿಲೋ ಹೊರುತ್ತೀರಿ, ಎಷ್ಟು ಮಹಡಿ ಹತ್ತುತ್ತೀರಿ, ಉಡುಪಿನೊಳಗೆ ಎಷ್ಟು ಹೊತ್ತು ಬೇಯುತ್ತೀರಿ, ಕೈಯಲ್ಲಿ ಯಾವ ಯಂತ್ರಗಳಿರುತ್ತವೆ ಎಂಬುದನ್ನು ಒಂದು ಪುಟದಲ್ಲಿ ಬರೆದುಕೊಂಡು ಹೋಗಿ. “ಫೈರ್ ಡಿಪಾರ್ಟ್‌ಮೆಂಟಿನಲ್ಲಿದ್ದೇನೆ” ಎಂದಷ್ಟೇ ಹೇಳಿದರೆ ಕಚೇರಿಯಲ್ಲಿ ಕೂತು ಮಾಡುವ ಕೆಲಸವೂ ಆಗಬಹುದು ಎಂದು ಅವರು ಭಾವಿಸಿದರೆ ಅದು ಅವರ ತಪ್ಪಲ್ಲ.

ಮೊದಲು ಕಾರಣ. ಸೈನಸ್ ನೋಡ್ (ಹೃದಯದ ಸಹಜ ಬಡಿತ ಹುಟ್ಟುವ ಜಾಗ) ನಿಧಾನವಾಗಿದ್ದರಿಂದ ಹಾಕಿದ್ದು, ಉಳಿದ ಹೃದಯ ಗಟ್ಟಿಯಾಗಿದೆ ಎಂದಾದರೆ ದಾರಿ ಬಹುಮಟ್ಟಿಗೆ ಸುಗಮ. ಮೂವತ್ತು, ನಲವತ್ತರ ವಯಸ್ಸಿನಲ್ಲಿ ಸಂಪೂರ್ಣ ಎವಿ ಬ್ಲಾಕ್ (ಮೇಲಿನ ಕೋಣೆಯ ವಿದ್ಯುತ್ ಸಂಕೇತ ಕೆಳಗಿನ ಕೋಣೆಗೆ ತಲುಪದಿರುವುದು) ಕಾಣಿಸಿಕೊಂಡಿದ್ದರೆ “ಬ್ಲಾಕ್ ಇತ್ತು, ಪೇಸ್‌ಮೇಕರ್ ಹಾಕಿದೆವು” ಎಂಬಲ್ಲಿಗೆ ಮಾತು ನಿಲ್ಲಬಾರದು. ಆ ವಯಸ್ಸಿಗೆ ಆ ಸಂಕೇತ ಒಯ್ಯುವ ತಂತುಗಳು ಸುಮ್ಮನೆ ಸವೆಯುವುದಿಲ್ಲ. ಸಾರ್ಕಾಯ್ಡೋಸಿಸ್ (ಅಂಗಾಂಗಗಳಲ್ಲಿ ಉರಿಯೂತದ ಸಣ್ಣ ಗಂಟುಗಳು ಮೂಡುವ ಕಾಯಿಲೆ), ನಮ್ಮ ದೇಶದಲ್ಲಿ ಕ್ಷಯ, ಹೃದಯ ಸ್ನಾಯುವಿನ ಉರಿಯೂತ, ಅಮೆರಿಕದ ಈಶಾನ್ಯ ಭಾಗದಲ್ಲಾದರೆ ಉಣ್ಣೆ ಹುಳದ ಕಡಿತದಿಂದ ಬರುವ ಲೈಮ್ ರೋಗ, ಇವೆಲ್ಲ ಹುಡುಕಬೇಕಾದವು. ಲೈಮ್ ರೋಗದ ಬ್ಲಾಕ್ ಔಷಧದಿಂದ ಇಳಿಯುವಂಥದ್ದು. ಅದಕ್ಕೆ ಶಾಶ್ವತ ಪೇಸ್‌ಮೇಕರ್ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಸಾರ್ಕಾಯ್ಡೋಸಿಸ್ ಇದ್ದರೆ ಕೆಳಗಿನ ಕೋಣೆಗಳಿಂದ ಅಪಾಯಕಾರಿ ವೇಗದ ಬಡಿತ ಹುಟ್ಟಬಹುದು. ಆಗ ಬೇಕಾಗುವುದು ಬರೀ ಪೇಸ್‌ಮೇಕರ್ ಅಲ್ಲ, ಶಾಕ್ ಕೊಡುವ ಐಸಿಡಿ. ಅಲ್ಲಿಗೆ ಕೆಲಸದ ಲೆಕ್ಕವೇ ಬದಲಾಗುತ್ತದೆ. ಏಣಿಯ ತುದಿಯಲ್ಲಿರುವಾಗ ಬೇಕಿಲ್ಲದ ಶಾಕ್ ಬಿದ್ದರೂ ಆಪತ್ತು, ಬೇಕಾದ ಶಾಕ್ ಬಿದ್ದರೂ ಆಪತ್ತು. ಈ ತಪಾಸಣೆಗೆ ಹೃದಯದ ಎಂಆರ್‌ಐ ಮುಖ್ಯ ಸಾಧನ. ಸಾಧ್ಯವಾದರೆ ಪೇಸ್‌ಮೇಕರ್ ಹಾಕುವ ಮೊದಲೇ ಮಾಡಿಸುವುದು ಮೇಲು, ಏಕೆಂದರೆ ಆಮೇಲೆ ಯಂತ್ರದ ಲೋಹ ಚಿತ್ರವನ್ನು ಕೆಡಿಸುತ್ತದೆ.

ಎರಡನೆಯದು ಅವಲಂಬನೆ. ತಪಾಸಣೆಯ ದಿನ ತಂತ್ರಜ್ಞರು ಪ್ರೋಗ್ರಾಮರ್ ಎಂಬ ಯಂತ್ರದಿಂದ ಪೇಸಿಂಗ್ ದರವನ್ನು ನಿಮಿಷಕ್ಕೆ 30ರವರೆಗೆ ನಿಧಾನವಾಗಿ ಇಳಿಸಿ, ನಿಮ್ಮ ಸ್ವಂತ ಬಡಿತ ಮೂಡುತ್ತದೆಯೇ ಎಂದು ನೋಡುತ್ತಾರೆ. 45 ಬಡಿತ ತಾನಾಗಿ ಬಂದರೆ ಯಂತ್ರ ಎರಡು ಕ್ಷಣ ತಪ್ಪಿದರೂ ಕಣ್ಣು ಕತ್ತಲೆಯಾಗದಿರಬಹುದು. ಏನೂ ಮೂಡದಿದ್ದರೆ ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ನಾನು ಮುಂದೆ ಹೇಳುವ ರೇಡಿಯೋ, ಜನರೇಟರ್, ಲೀಡ್ (ಯಂತ್ರದಿಂದ ಹೃದಯಕ್ಕೆ ಹೋಗುವ ತಂತಿ) ಎಲ್ಲದರ ಗಂಭೀರತೆಯೂ ಈ ಒಂದು ಪರೀಕ್ಷೆಯ ಫಲಿತಾಂಶಕ್ಕೆ ತಕ್ಕಂತೆ ಏರುತ್ತದೆ, ಇಳಿಯುತ್ತದೆ. ಫಲಿತಾಂಶವನ್ನು ಬರೆಸಿಕೊಳ್ಳಿ.

ಇನ್ನು ಸೆಟ್ಟಿಂಗ್. ಸ್ವಲ್ಪ ಲೆಕ್ಕ ಬರುತ್ತದೆ, ದಯವಿಟ್ಟು ಬಿಡದೆ ಓದಿ.

ಎವಿ ಬ್ಲಾಕ್‌ಗೆ ಹಾಕುವ ಎರಡು ಲೀಡಿನ ಪೇಸ್‌ಮೇಕರ್ ಮೇಲಿನ ಕೋಣೆಯ ಪ್ರತಿ ಬಡಿತವನ್ನು ಗಮನಿಸಿ, ಸ್ವಲ್ಪ ಕಾದು, ಕೆಳಗಿನ ಕೋಣೆಯನ್ನು ಬಡಿಸುತ್ತದೆ. ಈ ಕಾಯುವಿಕೆಗೆ ಎವಿ ಡಿಲೇ ಎನ್ನುತ್ತಾರೆ. ಕೆಳಗಿನ ಕೋಣೆ ಬಡಿದ ಮೇಲೆ ಸ್ವಲ್ಪ ಹೊತ್ತು ಮೇಲಿನ ಕೋಣೆಯ ಸದ್ದಿಗೆ ಯಂತ್ರ ಕಿವುಡಾಗಿರುತ್ತದೆ, ಅದು ಪಿವಿಎಆರ್‌ಪಿ. ಇವೆರಡನ್ನೂ ಕೂಡಿಸಿದರೆ ಯಂತ್ರ ಹಿಂಬಾಲಿಸಬಲ್ಲ ಗರಿಷ್ಠ ವೇಗ ಸಿಗುತ್ತದೆ. ಎವಿ ಡಿಲೇ 150 ಮಿಲಿಸೆಕೆಂಡ್, ಪಿವಿಎಆರ್‌ಪಿ 250 ಎಂದಿಟ್ಟುಕೊಳ್ಳಿ. ಒಟ್ಟು 400. ನಿಮಿಷದ 60,000 ಮಿಲಿಸೆಕೆಂಡನ್ನು 400ರಿಂದ ಭಾಗಿಸಿದರೆ 150. ಮೇಲಿನ ಕೋಣೆ ನಿಮಿಷಕ್ಕೆ 150 ದಾಟಿದ ಕೂಡಲೇ ಎರಡರಲ್ಲಿ ಒಂದು ಬಡಿತ ಕಿವುಡು ಅವಧಿಯೊಳಗೆ ಬೀಳುತ್ತದೆ. ಯಂತ್ರ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕೆಳಗಿನ ಕೋಣೆಯ ಬಡಿತ ತಟಕ್ಕನೆ 75ಕ್ಕೆ ಕುಸಿಯುತ್ತದೆ.

ನಲವತ್ತರ ಆರೋಗ್ಯವಂತ ಸೈನಸ್ ನೋಡ್ ಬೆಂಕಿಯ ಮುಂದೆ 170, 180 ಮುಟ್ಟುವುದು ಸಹಜ. ಮೂರನೆಯ ಮಹಡಿಯ ಮೆಟ್ಟಿಲಿನಲ್ಲಿ, ದೇಹ ಅತಿ ಹೆಚ್ಚು ರಕ್ತ ಕೇಳುತ್ತಿರುವ ಕ್ಷಣದಲ್ಲಿ, ಬಡಿತ ಅರ್ಧಕ್ಕೆ ಇಳಿದರೆ ಕಾಲು ಸೋಲುತ್ತದೆ, ತಲೆ ತಿರುಗುತ್ತದೆ. ಯಂತ್ರ ಕೆಟ್ಟಿಲ್ಲ. ಹೇಳಿದ್ದನ್ನೇ ಮಾಡಿದೆ. ಅಪ್ಪರ್ ಟ್ರ್ಯಾಕಿಂಗ್ ರೇಟ್ ಎಂಬ ಇನ್ನೊಂದು ಮಿತಿಯೂ ಇದೆ. ಕಾರ್ಖಾನೆಯಿಂದ ಬರುವಾಗ ಅದು ಸಾಮಾನ್ಯವಾಗಿ 120, 130ರ ಆಸುಪಾಸಿನಲ್ಲಿರುತ್ತದೆ. ಆ ವೇಗ ದಾಟಿದ ಮೇಲೆ ಯಂತ್ರ ಆಗಾಗ ಒಂದೊಂದು ಬಡಿತ ಬಿಡುತ್ತಾ ಹೋಗುತ್ತದೆ. ಅದು ಅಷ್ಟು ಹಠಾತ್ ಅಲ್ಲದಿದ್ದರೂ, ದಮ್ಮು ಕಟ್ಟಿದಂತೆ, ಶಕ್ತಿಯೇ ಬರುತ್ತಿಲ್ಲ ಎಂಬಂತೆ ಅನ್ನಿಸುತ್ತದೆ. “ಆಪರೇಷನ್ ಆದ ಮೇಲೆ ಮೊದಲಿನ ಹಾಗಿಲ್ಲ” ಎಂದು ಹೇಳುವ ಎಷ್ಟೋ ಸಿಬ್ಬಂದಿಯ ತೊಂದರೆ ಇಷ್ಟೇ ಇರಬಹುದು.

ಪರಿಹಾರ ಪ್ರೋಗ್ರಾಮರಿನಲ್ಲಿ ಕೆಲವು ನಿಮಿಷದ ಕೆಲಸ. ವೇಗ ಹೆಚ್ಚಿದಂತೆ ಎವಿ ಡಿಲೇ ತಾನಾಗಿ ಕಿರಿದಾಗುವ ಆಯ್ಕೆ ಇರುತ್ತದೆ, ಅದನ್ನು ಚಾಲೂ ಮಾಡಿಸಬೇಕು. ಡಿಲೇ 100ಕ್ಕೆ, ಪಿವಿಎಆರ್‌ಪಿ 220ಕ್ಕೆ ಇಳಿದರೆ ಒಟ್ಟು 320, ಅಂದರೆ ಸುಮಾರು 187ರವರೆಗೆ ಅರ್ಧಕ್ಕೆ ಕುಸಿಯುವ ಭಯವಿಲ್ಲ. ಆಗ ಅಪ್ಪರ್ ಟ್ರ್ಯಾಕಿಂಗ್ ರೇಟನ್ನು 170ರ ಸುತ್ತ ಇಡಬಹುದು. ಪಿವಿಎಆರ್‌ಪಿಯನ್ನು ಕುರುಡಾಗಿ ಕಡಿಮೆ ಮಾಡುವಂತಿಲ್ಲ. ಕೆಲವರಲ್ಲಿ ಕೆಳಗಿನ ಕೋಣೆಯ ವಿದ್ಯುತ್ತು ಹಿಮ್ಮುಖವಾಗಿ ಮೇಲಕ್ಕೆ ಹೋಗುತ್ತದೆ. ಯಂತ್ರ ಅದನ್ನೇ ಹೊಸ ಬಡಿತವೆಂದು ನಂಬಿ ಮತ್ತೆ ಬಡಿಸಿ, ತಾನೇ ಒಂದು ವೇಗದ ಸುಳಿಯನ್ನು ಹುಟ್ಟಿಸುತ್ತದೆ. ಹಾಗಾಗಿ ಈ ಅಂಕಿಗಳನ್ನು ಕೇಳಲು ಇಟ್ಟುಕೊಳ್ಳಿ. ಬದಲಿಸುವುದು ತಜ್ಞರ ಕೆಲಸ, ಮತ್ತು ಬದಲಿಸಿದ ಮೇಲೆ ಓಡಿಸಿ ನೋಡಲೇಬೇಕು.

ಸೈನಸ್ ನೋಡ್ ನಿಧಾನವಿರುವವರ ಕಥೆ ಬೇರೆ. ಅವರ ಬಡಿತ ಏರಿಸುವುದು ಯಂತ್ರದೊಳಗಿನ ಸೆನ್ಸರ್. ಬಹುತೇಕ ಯಂತ್ರಗಳಲ್ಲಿರುವುದು ಅಲುಗಾಟ ಅಳೆಯುವ ಆಕ್ಸೆಲೆರೋಮೀಟರ್. ಎದೆ ಎಷ್ಟು ಕುಲುಕುತ್ತದೋ ಅಷ್ಟು ವೇಗ. ನಡಿಗೆಗೆ, ಓಟಕ್ಕೆ ಇದು ಚೆನ್ನ. ನಿಂತಲ್ಲೇ ಬ್ರಾಂಚ್ (ಹೋಸಿನ ತುದಿಯ ನಳಿಕೆ) ಬಿಗಿ ಹಿಡಿದು ನೀರಿನ ಒತ್ತಡ ತಡೆಯುವವರ ಎದೆ ಅಲುಗುವುದೇ ಇಲ್ಲ. ಭಾರ ಹೊತ್ತು ಒಂದೊಂದೇ ಮೆಟ್ಟಿಲು ಹತ್ತುವಾಗಲೂ ಅಲುಗಾಟ ಕಡಿಮೆ, ಇಳಿಯುವಾಗಲೇ ಹೆಚ್ಚು. ಗುಂಡಿ ಬಿದ್ದ ರಸ್ತೆಯಲ್ಲಿ ಅಗ್ನಿಶಾಮಕ ವಾಹನದೊಳಗೆ ಕೂತಾಗ ಬೇಕಿಲ್ಲದೆಯೂ ಬಡಿತ ಏರಬಹುದು. ಉಸಿರಾಟದ ಪ್ರಮಾಣ ಅಳೆಯುವ ಸೆನ್ಸರ್ ಇದ್ದರೆ ಈ ಕೆಲಸಕ್ಕೆ ಅದು ಹೆಚ್ಚು ಹೊಂದುತ್ತದೆ. ಎರಡನ್ನೂ ಬೆರೆಸಿ ಬಳಸುವ ಯಂತ್ರಗಳಿವೆ. ಇನ್ನೂ ಪೇಸ್‌ಮೇಕರ್ ಹಾಕಿಸಿಕೊಳ್ಳದವರು, ಮುಂದಿನ ವಾರ ಹಾಕಿಸಿಕೊಳ್ಳಲಿರುವವರು ಇದನ್ನು ಓದುತ್ತಿದ್ದರೆ, ಸೆನ್ಸರಿನ ಮಾತನ್ನು ಯಂತ್ರ ಆರಿಸುವ ಮೊದಲೇ ಎತ್ತಿ.

ಹಾಕುವ ಜಾಗದ ಮಾತನ್ನೂ ಆಗಲೇ ಆಡಬೇಕು. ರೂಢಿಯಂತೆ ಯಂತ್ರ ಕೂರುವುದು ಎಡ ಕಾಲರ್ ಬೋನ್ ಕೆಳಗೆ, ಚರ್ಮದ ಅಡಿಯಲ್ಲಿ. ಬಿಎ ಸೆಟ್ಟಿನ ಭುಜಪಟ್ಟಿ ಹಾದುಹೋಗುವುದು ಸರಿಯಾಗಿ ಅದರ ಮೇಲೆಯೇ. ಪಟ್ಟಿ ದಿನವೂ ಒತ್ತಿ ಉಜ್ಜಿದರೆ ಮೇಲಿನ ಚರ್ಮ ತೆಳುವಾಗಿ, ಕೆಂಪಾಗಿ, ಕೊನೆಗೆ ಒಡೆಯಬಹುದು. ಒಡೆದರೆ ಸೋಂಕು, ಸೋಂಕಾದರೆ ಯಂತ್ರ, ಲೀಡು ಎಲ್ಲವನ್ನೂ ಹೊರತೆಗೆಯಬೇಕಾಗುತ್ತದೆ. ಯಂತ್ರವನ್ನು ಎದೆಯ ಸ್ನಾಯುವಿನ ಕೆಳಗೆ ಇಡಬಹುದು, ಅಥವಾ ಪಟ್ಟಿಯ ಅಂಚಿನಿಂದ ಒಳಕ್ಕೆ ಸರಿಸಿ ಇಡಬಹುದು. ಶಸ್ತ್ರಚಿಕಿತ್ಸೆಗೆ ಮೊದಲು ಬಿಎ ಸೆಟ್ಟಿನ ಪಟ್ಟಿ ತೊಟ್ಟು, ಅದು ಎಲ್ಲಿ ಕೂರುತ್ತದೆ ಎಂದು ಪೆನ್ನಿನಿಂದ ಚರ್ಮದ ಮೇಲೆ ಗೆರೆ ಎಳೆದುಕೊಂಡು ಹೋಗುವುದು ನಾನು ಬಲವಾಗಿ ಹೇಳುವ ಸಲಹೆ. ಡ್ಯೂಟಿಗೆ ಮರಳಿದ ಮೇಲೆ ಭಾರವನ್ನು ಭುಜಕ್ಕಿಂತ ಸೊಂಟದ ಪಟ್ಟಿಗೆ ಹೆಚ್ಚು ಬಿಡಿ, ಏಣಿ ಮತ್ತು ಸುತ್ತಿದ ಹೋಸನ್ನು ಇನ್ನೊಂದು ಭುಜದ ಮೇಲೆ ಹೊರಿ.

ಲೀಡಿನ ಅಪಾಯ ಕಣ್ಣಿಗೆ ಕಾಣದ್ದು. ಸಬ್‌ಕ್ಲೇವಿಯನ್ ರಕ್ತನಾಳವನ್ನು ಒಳಬದಿಯಲ್ಲಿ ಚುಚ್ಚಿ ಲೀಡ್ ಇಳಿಸಿದ್ದರೆ ಅದು ಕಾಲರ್ ಬೋನ್ ಮತ್ತು ಮೊದಲ ಪಕ್ಕೆಲುಬಿನ ನಡುವೆ ಸಿಕ್ಕಿಕೊಳ್ಳುತ್ತದೆ. ಛಾವಣಿಗೆ ಕೊಕ್ಕೆಗೋಲು ಹಾಕಿ ಎಳೆಯುವುದು, ಕೊಡಲಿ ಬೀಸುವುದು, ಏಣಿ ಏರಿಸುವುದು, ಪ್ರತಿ ಸಲವೂ ಆ ಎರಡು ಮೂಳೆಗಳು ಲೀಡನ್ನು ಹಿಂಡುತ್ತವೆ. ವರ್ಷಗಳ ಮೇಲೆ ಹೊದಿಕೆ ಬಿರುಕು ಬಿಡುತ್ತದೆ ಅಥವಾ ಒಳಗಿನ ತಂತಿ ತುಂಡಾಗುತ್ತದೆ. ಸೆಫಾಲಿಕ್ ಅಥವಾ ಆಕ್ಸಿಲರಿ ರಕ್ತನಾಳದ ಮೂಲಕ ಇಳಿಸಿದರೆ ಈ ಹಿಂಡುವಿಕೆ ಬಹಳ ಕಡಿಮೆ. ಪ್ರತಿ ತಪಾಸಣೆಯಲ್ಲಿ ಲೀಡ್ ಇಂಪಿಡೆನ್ಸ್ ಎಂಬ ಅಂಕಿ ಬರೆಯುತ್ತಾರೆ. ಅದು ಹಠಾತ್ ಏರಿದರೆ ತಂತಿ ಮುರಿದಿರಬಹುದು, ಹಠಾತ್ ಇಳಿದರೆ ಹೊದಿಕೆ ಹೋಗಿರಬಹುದು. ಹಳೆಯ ಅಂಕಿಗಳ ಪಕ್ಕದಲ್ಲಿಟ್ಟು ನೋಡಿದಾಗ ಮಾತ್ರ ಇದು ತಿಳಿಯುತ್ತದೆ, ಆದ್ದರಿಂದ ವರದಿಗಳನ್ನು ಎಸೆಯಬೇಡಿ.

ಲೀಡೇ ಇಲ್ಲದ ಪೇಸ್‌ಮೇಕರ್ ಹಾಕಿಸಿದರೆ ಇವೆಲ್ಲ ತಪ್ಪುವುದಲ್ಲ ಎಂಬ ಪ್ರಶ್ನೆ ಏಳುತ್ತದೆ. ಸುಮಾರು ಎರಡು ಗ್ರಾಂ ತೂಕದ, ಮೈಕ್ರಾ ಎಂಬ ಅಂಥ ಯಂತ್ರಕ್ಕೆ ಅಮೆರಿಕದಲ್ಲಿ 2016ರಲ್ಲಿ ಅನುಮತಿ ಸಿಕ್ಕಿತು. ತೊಡೆಯ ರಕ್ತನಾಳದಿಂದ ಒಯ್ದು ನೇರ ಹೃದಯದೊಳಗೆ ಕೂರಿಸುತ್ತಾರೆ. ಭುಜಪಟ್ಟಿಯ ಚಿಂತೆ ನಿಜಕ್ಕೂ ಇಲ್ಲ. ಆದರೆ ಮೇಲಿನ ಕೋಣೆಯ ಸಂಕೋಚನವನ್ನು ಅಲುಗಾಟದಿಂದ ಗ್ರಹಿಸುವ ಮಾದರಿ ಬಡಿತ ಹೆಚ್ಚಿದಂತೆ ತಾಳ ತಪ್ಪುತ್ತದೆ. ಸಂಪೂರ್ಣ ಬ್ಲಾಕ್ ಇರುವ, ಗರಿಷ್ಠ ಶ್ರಮದ ಕೆಲಸಕ್ಕೆ ಹೋಗುವವರಿಗೆ ನನ್ನ ಮೊದಲ ಆಯ್ಕೆ ಅದಲ್ಲ. ಮೇಲೊಂದು ಕೆಳಗೊಂದು ಯಂತ್ರ ಕೂರಿಸುವ ಅವೇರ್ ಡಿಆರ್‌ಗೆ ಅನುಮತಿ ಸಿಕ್ಕಿದ್ದು 2023ರಲ್ಲಿ.

ಮೊದಲ ನಾಲ್ಕರಿಂದ ಆರು ವಾರ ಲೀಡಿನ ತುದಿ ಹೃದಯದ ಗೋಡೆಗೆ ಅಂಟಿ ಗಟ್ಟಿಯಾಗುವ ಕಾಲ. ಮೊಣಕೈ ಭುಜದ ಮಟ್ಟ ದಾಟಬಾರದು, ಆ ಕೈಯಲ್ಲಿ ನಾಲ್ಕೈದು ಕಿಲೋಗಿಂತ ಹೆಚ್ಚು ಎತ್ತಬಾರದು. ಹಾಗೆಂದು ಕೈಯನ್ನು ಜೋಳಿಗೆಗೆ ಹಾಕಿ ಕೂತರೆ ಭುಜ ಬಿಗಿದು, ಅದನ್ನು ಬಿಡಿಸಲು ತಿಂಗಳುಗಳೇ ಬೇಕಾಗುತ್ತವೆ. ಸೊಂಟದ ಮಟ್ಟದಲ್ಲಿ ಕೈ ಆಡಿಸುತ್ತಲೇ ಇರಿ. ವಾಹನ ಓಡಿಸುವವರಿಗೆ ಬ್ರಿಟನ್ನಿನ ನಿಯಮ ಒಳ್ಳೆಯ ಅಳತೆಗೋಲು: ಸ್ವಂತ ಕಾರಿಗೆ 1 ವಾರ, ಭಾರಿ ವಾಹನಕ್ಕೆ 6 ವಾರ ವಿರಾಮ. ಪೂರ್ಣ ಡ್ಯೂಟಿಗೆ ಮೂರು ತಿಂಗಳು ಇಟ್ಟುಕೊಳ್ಳುವುದು ವಿವೇಕ.

ವಿದ್ಯುತ್ಕಾಂತೀಯ ಅಡ್ಡಿಯ ಬಗ್ಗೆ ಭಯವೂ ಹೆಚ್ಚು, ತಪ್ಪು ತಿಳಿವಳಿಕೆಯೂ ಹೆಚ್ಚು. ಹೊರಗಿನ ವಿದ್ಯುತ್ ಸದ್ದನ್ನು ಯಂತ್ರ ಹೃದಯದ ಬಡಿತವೆಂದು ತಪ್ಪಾಗಿ ಕೇಳಿದರೆ, “ಹೃದಯ ತಾನೇ ಬಡಿಯುತ್ತಿದೆ” ಎಂದು ಸುಮ್ಮನಾಗುತ್ತದೆ. ಪೂರ್ಣ ಅವಲಂಬಿತರಿಗೆ ಇದೇ ಅಪಾಯ. ಮೊದಲ ಕಾಳಜಿ ವಾಕಿಟಾಕಿ. 3ರಿಂದ 15 ವ್ಯಾಟ್‌ವರೆಗಿನ ರೇಡಿಯೋಗಳನ್ನು ಯಂತ್ರದಿಂದ 30 ಸೆಂಟಿಮೀಟರ್ ದೂರ ಇಡಬೇಕು, ಅದಕ್ಕಿಂತ ಕಡಿಮೆಯವನ್ನು 15. ಕೈಯಲ್ಲಿ ಹಿಡಿಯುವ 5 ವ್ಯಾಟಿನ ಸೆಟ್ ಎದೆಯ ಜೇಬಿನಲ್ಲಿ ಇರಬಾರದು. ಎದುರು ಬದಿಯ ಸೊಂಟಕ್ಕೆ ಸಿಕ್ಕಿಸಿ, ವೈರಿನ ಮೈಕನ್ನು ಬಲಗಡೆಗೆ ಹಾಕಿಕೊಳ್ಳಿ. ಆಂಟೆನಾ ಎದೆಯ ಕಡೆ ವಾಲದಂತೆ ನೋಡಿ. ಪೆಟ್ರೋಲ್ ಜನರೇಟರ್, ಚೈನ್ ಸಾ, ಹೊಗೆ ತಳ್ಳುವ ಫ್ಯಾನ್ ಇವುಗಳ ಇಗ್ನಿಷನ್ ಭಾಗದಿಂದಲೂ 30 ಸೆಂಟಿಮೀಟರ್. ಚಾಲೂ ಇರುವ ಎಂಜಿನ್ನಿನ ಮೇಲೆ ಬಾಗಿ ಸ್ಪಾರ್ಕ್ ಪ್ಲಗ್ ನೋಡುವ ಅಭ್ಯಾಸ ಬಿಡಬೇಕು. ಆರ್ಕ್ ವೆಲ್ಡಿಂಗ್ 160 ಆಂಪಿಯರ್ ದಾಟಿದರೆ ಬೇಡವೇ ಬೇಡ. ಥರ್ಮಲ್ ಕ್ಯಾಮೆರಾ ಬರುವ ಶಾಖವನ್ನಷ್ಟೇ ನೋಡುತ್ತದೆ, ಅದರಿಂದ ತೊಂದರೆಯಿಲ್ಲ.

ಅಯಸ್ಕಾಂತವನ್ನು ಮಾತ್ರ ಹಗುರವಾಗಿ ನೋಡಬೇಡಿ. ಜಾಕೆಟ್ಟಿಗೆ ಅಂಟುವ ಟಾರ್ಚು, ಮೈಕಿನ ಮ್ಯಾಗ್ನೆಟ್ ಕ್ಲಿಪ್ಪು ಯಂತ್ರದ ಮೇಲೆ ಕೂತರೆ ಅದು ಹೃದಯದ ಸದ್ದು ಕೇಳುವುದನ್ನೇ ನಿಲ್ಲಿಸಿ ನಿಗದಿತ ದರದಲ್ಲಿ ಬಡಿಸತೊಡಗುತ್ತದೆ. ತೆಗೆದರೆ ಸರಿಹೋಗುತ್ತದೆ. ನೀರು ನಿಂತ ನೆಲದಲ್ಲಿ, ವಿದ್ಯುತ್ ಕಡಿತ ಖಚಿತವಾಗದ ಕಟ್ಟಡದಲ್ಲಿ, ಸಬ್‌ಸ್ಟೇಷನ್ ಅಂಗಳದಲ್ಲಿ, ಬೇರೆಯವರಿಗೆ ಬರೀ ಜುಮ್ ಎನ್ನಿಸುವ ಸೋರಿಕೆ ವಿದ್ಯುತ್ತು ಅವಲಂಬಿತರ ಯಂತ್ರವನ್ನು ಮೌನವಾಗಿಸಬಲ್ಲದು. ಅಂಥ ಕಡೆ ಅವರು ಮುಂದಿನ ಸಾಲಿನಲ್ಲಿ ಇರಬಾರದು ಎಂಬುದು ನನ್ನ ದೃಢ ಅಭಿಪ್ರಾಯ.

ಬೆಂಕಿಯ ಬಿಸಿಗೆ ಯಂತ್ರ ಕೆಡುವುದಿಲ್ಲ, ಅದು ಇರುವುದು ದೇಹದ ಉಷ್ಣತೆಯಲ್ಲೇ. ಬಿಸಿ ಕೆಡಿಸುವುದು ರಕ್ತದ ರಸಾಯನವನ್ನು. ಆಮ್ಲಜನಕ ಕಡಿಮೆಯಾದಾಗ, ರಕ್ತ ಆಮ್ಲೀಯವಾದಾಗ, ಪೊಟ್ಯಾಸಿಯಂ ಏರಿದಾಗ ಹೃದಯವನ್ನು ಬಡಿಸಲು ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಬ್ಯಾಟರಿ ಉಳಿಸಲೆಂದು ಯಂತ್ರ ತಾನೇ ವೋಲ್ಟೇಜನ್ನು ಅಂಚಿಗೆ ಇಳಿಸಿಕೊಳ್ಳುವ ವ್ಯವಸ್ಥೆ ಹಲವು ಮಾದರಿಗಳಲ್ಲಿದೆ. ಈ ಕೆಲಸದವರಿಗೆ ಬೇಕಾದದ್ದರ ಎರಡು ಪಟ್ಟು ವೋಲ್ಟೇಜ್ ಸ್ಥಿರವಾಗಿ ಇಡುವುದರ ಬಗ್ಗೆ ತಜ್ಞರೊಡನೆ ಮಾತಾಡಿ. ಬ್ಯಾಟರಿ ಬೇಗ ಮುಗಿದರೆ ಮುಗಿಯಲಿ.

ಎಲ್ಲ ಆದ ಮೇಲೆ ಪರೀಕ್ಷೆ. ಬಹುಕಾಲದಿಂದ ಬಳಕೆಯಲ್ಲಿರುವ ಅಳತೆ 12 ಮೆಟ್, ಅಂದರೆ ದೇಹತೂಕದ ಪ್ರತಿ ಕಿಲೋಗೆ ನಿಮಿಷಕ್ಕೆ 42 ಮಿಲಿಲೀಟರ್ ಆಮ್ಲಜನಕ. ಬ್ರಿಟನ್ನಿನ ಶಿಫಾರಸು 42.3. ಹಂತ ಹಂತವಾಗಿ ವೇಗ, ಏರು ಹೆಚ್ಚಿಸುವ ಬ್ರೂಸ್ ಕ್ರಮದ ಟ್ರೆಡ್‌ಮಿಲ್ಲಿನಲ್ಲಿ ನಾಲ್ಕನೆಯ ಹಂತಕ್ಕೆ ಹೋಗಬೇಕು. ಸೈಕಲ್ ಪರೀಕ್ಷೆ ಬೇಡ; ಎದೆ ಅಲುಗದ ಕಾರಣ ಸೆನ್ಸರ್ ಸುಮ್ಮನಿರುತ್ತದೆ. ಪ್ರೋಗ್ರಾಮರ್ ಪಕ್ಕದಲ್ಲೇ ಇರಲಿ, ಬಡಿತ ತಪ್ಪಿದ ಕ್ಷಣದ ಇಸಿಜಿ ತೆಗೆದು ಅಲ್ಲೇ ಸರಿಪಡಿಸಲಿ. ಆಮೇಲೆ ಠಾಣೆಯಲ್ಲಿ, ಪೂರ್ಣ ಉಡುಪಿನಲ್ಲಿ, ಇನ್ನೊಬ್ಬರ ಕಣ್ಗಾವಲಿನಲ್ಲಿ ಮೆಟ್ಟಿಲು ಹತ್ತಿ ನೋಡಿ. ಅಮೆರಿಕದ ಸೇರ್ಪಡೆ ಪರೀಕ್ಷೆ ಸಿಪ್ಯಾಟ್‌ನಲ್ಲಿ 22.7 ಕಿಲೋ ಜಾಕೆಟ್ಟಿನ ಮೇಲೆ ಇನ್ನೂ 11.3 ಕಿಲೋ ಹೊತ್ತು ನಿಮಿಷಕ್ಕೆ 60 ಮೆಟ್ಟಿಲಿನಂತೆ 3 ನಿಮಿಷ ಹತ್ತಿಸುತ್ತಾರೆ. ಮಾದರಿಯಾಗಿ ಅದನ್ನೇ ಇಟ್ಟುಕೊಳ್ಳಬಹುದು.

ಕೆಳಗಿನ ಕೋಣೆಯನ್ನು ಹೆಚ್ಚು ಹೊತ್ತು ಯಂತ್ರವೇ ಬಡಿಸುತ್ತಿದ್ದರೆ ವರ್ಷಗಳಲ್ಲಿ ಹೃದಯ ಬಲ ಕಳೆದುಕೊಳ್ಳಬಹುದು. ವರ್ಷಕ್ಕೊಮ್ಮೆ ಎಕೋ (ಹೃದಯದ ಅಲ್ಟ್ರಾಸೌಂಡ್) ತಪ್ಪಿಸಬೇಡಿ.

ಕರ್ನಾಟಕದ ಸಿಬ್ಬಂದಿಗೆ ಒಂದು ಕಾನೂನಿನ ಮಾತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 20(4) ಕಲಂ, ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದವರನ್ನು ತೆಗೆಯುವಂತಿಲ್ಲ, ಅದೇ ವೇತನದ ಬೇರೆ ಹುದ್ದೆ ಕೊಡಬೇಕು ಎನ್ನುತ್ತದೆ. ಆದರೆ ಕಾಯ್ದೆಯ 21 ಬಗೆಗಳ ಪಟ್ಟಿಯಲ್ಲಿ ಹೃದ್ರೋಗ ಇಲ್ಲ. ಆ ರಕ್ಷಣೆ ತಾನಾಗಿ ಸಿಗುತ್ತದೆಂದು ನಂಬಿ ಕೂರಬೇಡಿ. ಮೆಡಿಕಲ್ ಬೋರ್ಡಿನ ಮುಂದೆ ಹೋಗುವಾಗ ಕಾಯಿಲೆಯ ಕಾರಣ, ಅವಲಂಬನೆಯ ಫಲಿತಾಂಶ, ಸೆಟ್ಟಿಂಗಿನ ಮುದ್ರಿತ ಪ್ರತಿ, ಎಕೋ, ಟ್ರೆಡ್‌ಮಿಲ್ ವರದಿ ಎಲ್ಲವೂ ಕೈಯಲ್ಲಿರಲಿ. “ಫಿಟ್” ಎಂಬ ಒಂದು ಪದದ ಸರ್ಟಿಫಿಕೇಟಿಗಿಂತ, ಯಾವ ಕೆಲಸ ಮಾಡಬಹುದು, ಯಾವುದು ಬೇಡ ಎಂದು ಬಿಡಿಸಿ ಬರೆದ ಪತ್ರ ನಿಮಗೂ ಮೇಲಧಿಕಾರಿಗೂ ನೆರವಾಗುತ್ತದೆ. ಕಂಟ್ರೋಲ್ ರೂಮ್, ಪಂಪ್ ನಡೆಸುವುದು, ತರಬೇತಿ, ಕಟ್ಟಡಗಳ ಸುರಕ್ಷತಾ ತಪಾಸಣೆ ಇವೆಲ್ಲ ಇಲಾಖೆಗೆ ಬೇಕಾದ, ಅನುಭವ ಬೇಡುವ ಕೆಲಸಗಳೇ.

ಜೊತೆಗಾರರಿಂದ ಮುಚ್ಚಿಡಬೇಡಿ. ನೀವು ಕುಸಿದು ಬಿದ್ದರೆ ಅವರು ಮಾನಿಟರಿನ ಅಂಕಿಯನ್ನು ನಂಬುವಂತಿಲ್ಲ. ಹೃದಯ ನಿಂತರೂ ಯಂತ್ರದ ಮಿಡಿತ ನಡೆಯುತ್ತಲೇ ಇರುತ್ತದೆ, ಕೆಲವು ಮಾನಿಟರುಗಳು ಅದನ್ನೇ ಬಡಿತವೆಂದು ಎಣಿಸುತ್ತವೆ. ಪ್ರಜ್ಞೆಯಿಲ್ಲ, ಉಸಿರು ಸರಿಯಿಲ್ಲ ಎಂದರೆ ಎದೆ ಒತ್ತಲು ತೊಡಗಬೇಕು. ಎಇಡಿ (ನಿಂತ ಹೃದಯಕ್ಕೆ ಹೊರಗಿನಿಂದ ಶಾಕ್ ಕೊಡುವ ಯಂತ್ರ) ಪ್ಯಾಡನ್ನು ಯಂತ್ರದ ಉಬ್ಬಿನಿಂದ ಕನಿಷ್ಠ 8 ಸೆಂಟಿಮೀಟರ್ ದೂರ ಹಚ್ಚಬೇಕು. ಎಡಗಡೆ ಯಂತ್ರವಿದ್ದರೆ ಮಾಮೂಲಿ ಜಾಗವೇ ಸಾಕು. ಬಲಗಡೆ ಹಾಕಿಸಿಕೊಂಡಿದ್ದರೆ ಮೇಲಿನ ಪ್ಯಾಡಿನ ಜಾಗವೂ ಯಂತ್ರದ ಜಾಗವೂ ಒಂದೇ ಆಗುತ್ತದೆ. ಆಗ ಒಂದನ್ನು ಎದೆಗೆ, ಇನ್ನೊಂದನ್ನು ಬೆನ್ನಿಗೆ ಹಚ್ಚಬೇಕು. ಇದನ್ನು ನಿಮ್ಮ ಪಾಳಿಯವರಿಗೆ ಡಮ್ಮಿಯ ಮೇಲೆ ಮೊದಲೇ ತೋರಿಸಿಕೊಡಿ.